ಪೆಟ್ಟಿಗೆಗೆ ಕಟ್ಟಿದ ಕದಿರು

ದೇವರು ದಿಂಡರು, ದೃಷ್ಟಿ ಗಿಷ್ಟಿ ಯಾವುದನ್ನೂ ನಾನು ನಂಬಿದವಳಲ್ಲ. ಇವತ್ತೂ ನಂಬುವುದಿಲ್ಲ. ಇದನ್ನು ಓದಿ ಯಾರಾದರೂ ಕೊನೆಗೂ ಇವಳು ದಾರಿಗೆ ಬಂದಳು ಎಂದುಕೊಂಡರೆ ಅದು ಅವರ ತಪ್ಪು. ಆದರೆ ಕಣ್ಣೆದುರು ನಡೆದದ್ದನ್ನು ನಡೆದೇ ಇಲ್ಲ ಎನ್ನುವುದೂ ನನ್ನಿಂದಾಗದು.

ಏಳೆಂಟು ವರ್ಷದ ಹಿಂದೆ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಬೈಂದೂರಿನ ಹತ್ತಿರ ಹೊಳೆಯಂಚಿನ ಒಂದು ಗದ್ದೆಗೆ ಉಪ್ಪುನೀರು ನುಗ್ಗಿದರೂ ಅಲ್ಲಿನ ಭತ್ತ ಹಸಿರಾಗಿಯೇ ನಿಲ್ಲುತ್ತಿತ್ತು. ಉಪ್ಪು ತಾಗಿದಾಗ ಆ ಗಿಡದೊಳಗೆ ಯಾವ ಜೀನು ಚುರುಕಾಗುತ್ತದೆ, ಯಾವುದು ಸುಮ್ಮನಾಗುತ್ತದೆ ಎನ್ನುವುದು ನನ್ನ ಪ್ರಶ್ನೆ. ಅದನ್ನು ತೋರಿಸುವ ಮೈಕ್ರೊಅರೇ ಯಂತ್ರವಿದ್ದದ್ದು ವಿಶ್ವವಿದ್ಯಾಲಯದ ಕೇಂದ್ರ ಪ್ರಯೋಗಾಲಯದಲ್ಲಿ. ಎಲ್ಲ ವಿಭಾಗದವರೂ ಸರದಿ ಹಿಡಿದು ಬಳಸುವ ಜಾಗ ಅದು. ನಾಲ್ಕು ತಿಂಗಳು ಕಾದ ಮೇಲೆ ನನಗೊಂದು ದಿನ ಸಿಕ್ಕಿತ್ತು. ಅಷ್ಟರಲ್ಲಿ ಗದ್ದೆ ಮಾರಾಟವಾಗಿತ್ತು, ಆ ವಾರವೇ ಮಣ್ಣು ತುಂಬಿಸುವವರಿದ್ದರು. ಬೀಜವನ್ನಾದರೆ ಬೇರೆ ಕಡೆ ಬಿತ್ತಬಹುದು. ಆ ಹೊಳೆ, ಆ ಉಪ್ಪು ಎಲ್ಲಿಂದ ತರುವುದು?

ಎಲೆ ಕೊಯ್ದು ಹನ್ನೆರಡು ಪುಟ್ಟ ಕೊಳವೆಗಳಿಗೆ ತುಂಬಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ನಡುವೆ ಇಟ್ಟುಕೊಂಡು ಬೀಜಾಡಿಯ ನಮ್ಮ ಮನೆಗೆ ಬಂದೆ. ಎಲೆಯೊಳಗಿನ ಆರ್‌ಎನ್‌ಎ ಬಲು ನಾಜೂಕು. ಶೀತ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಚೂರುಚೂರಾಗುತ್ತದೆ, ಆಮೇಲೆ ಯಂತ್ರಕ್ಕೆ ಓದಲು ಏನೂ ಉಳಿಯುವುದಿಲ್ಲ. ಮರುದಿನ ಹೊಸ್ತು. ಹೊಸ ಭತ್ತದ ಕದಿರು ತಂದು ಬಾಗಿಲಿಗೆ, ಬಾವಿಗೆ, ಮನೆಯಲ್ಲಿ ದುಡಿಮೆಗೆ ಬಳಸುವ ಒಂದೊಂದು ವಸ್ತುವಿಗೂ ಕಟ್ಟುವ ದಿನ. ಬೆಳಿಗ್ಗೆ ನಾನು ಪೆಟ್ಟಿಗೆಯನ್ನು ಮನೆಯೊಳಗೇ ಬಿಟ್ಟು, ಪ್ರಯಾಣಕ್ಕೆಂದು ಇನ್ನಷ್ಟು ಡ್ರೈ ಐಸ್ ತರಲು ಬ್ರಹ್ಮಾವರಕ್ಕೆ ಹೋದೆ.

ಮಧ್ಯಾಹ್ನ ಮೂರಕ್ಕೆ ಬಂದು ನೋಡುತ್ತೇನೆ, ಪೆಟ್ಟಿಗೆ ಅಂಗಳದ ಸುಡುಬಿಸಿಲಿನಲ್ಲಿದೆ. ಮುಚ್ಚಳ ಓರೆಯಾಗಿದೆ. ಡ್ರೈ ಐಸ್‌ನ ಸುಳಿವೇ ಇಲ್ಲ. ಕೊಳವೆಗಳು ಕೈಗೆ ಬೆಚ್ಚಗೆ ತಾಗಿದವು. ಪೆಟ್ಟಿಗೆಯ ದಾರಕ್ಕೆ ಮಾತ್ರ ಒಂದು ಹೊಸ ಕದಿರನ್ನು ನೀಟಾಗಿ ಕಟ್ಟಲಾಗಿತ್ತು.

ಅಮ್ಮ ಬದುಕಿಡೀ ಮೀನು ಮಾರಿದವಳು. ನನ್ನ ಪೆಟ್ಟಿಗೆ ನೋಡಲು ಥೇಟ್ ಮೀನಿನ ಪೆಟ್ಟಿಗೆ. ಹೊಸ್ತಿನ ದಿನ ನಮ್ಮ ಮನೆಯೊಳಗೆ ಮೀನಿಗೆ ಜಾಗವಿಲ್ಲ.

"ಹೊಸ್ತಿನ್ ದಿನ ಮೀನಿನ್ ಪೆಟ್ಟಿ ಒಳಗ್ ಇಡುಕಾತ್ತಾ ಹೆಣೆ? ಬೆಳಿಗ್ಗೆ ಹತ್ತ್ ಗಂಟಿಗೇ ಹೊರಗಿಟ್ಟೆ. ನಿನ್ ಕೆಲ್ಸದ್ದ್ ಅಲ್ದಾ, ಅದ್ಕೂ ಒಂದ್ ಕದ್ರ್ ಕಟ್ದೆ" ಎಂದಳು.

ನಾನು ಬಾಯಿಗೆ ಬಂದಂತೆ ಬೈದೆ. ಅಮ್ಮ ಊಟ ಬಿಟ್ಟಳು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಆದರೂ ಪೆಟ್ಟಿಗೆಗೆ ಹೊಸ ಐಸ್ ತುಂಬಿ ಹಟದಲ್ಲೇ ಬಸ್ ಹತ್ತಿದೆ. ಹಾಳಾಗಿದ್ದರೆ ಯಂತ್ರವೇ ಹೇಳಲಿ ಎನಿಸಿತು.

ಪ್ರಯೋಗಾಲಯದ ಫಾರಂನಲ್ಲಿ ಮಾದರಿ ಹೇಗೆ ಕಾಪಾಡಲಾಗಿತ್ತು ಎಂಬ ಕಾಲಂ ಇತ್ತು. 'ಐದು ಗಂಟೆ ಬಿಸಿಲಿನಲ್ಲಿತ್ತು' ಎಂದು ಬರೆದೆ. ಉಸ್ತುವಾರಿ ಮೇಡಂ ಓದಿ ನಕ್ಕು, ಇದನ್ನು ಚೆಲ್ಲಿ ಸರದಿ ಬೇರೆಯವರಿಗೆ ಬಿಟ್ಟುಕೊಡಿ ಎಂದರು. ಪರೀಕ್ಷಿಸದೆ ಇಲ್ಲಿಂದ ಏಳುವುದಿಲ್ಲ ಎಂದು ಕುಳಿತೆ. ಸಂಜೆ ಆರ್‌ಎನ್‌ಎಯ ಗುಣಮಟ್ಟ ಪರದೆಯ ಮೇಲೆ ಬಂತು. ಹತ್ತು ಅಂಕಕ್ಕೆ ಒಂಬತ್ತರ ಮೇಲೆ, ಹನ್ನೆರಡು ಕೊಳವೆಗೆ ಹನ್ನೆರಡೂ. ಅವರು ಯಂತ್ರವನ್ನೇ ಅನುಮಾನಿಸಿ ಮತ್ತೊಮ್ಮೆ ಓಡಿಸಿದರು. ಮತ್ತೆ ಅದೇ.

"ಇಷ್ಟು ಚೆನ್ನಾಗಿ ಕಾಪಾಡಿಕೊಂಡು ಬಂದು, ಫಾರಂನಲ್ಲಿ ಯಾಕೆ ಸುಳ್ಳು ಬರೆದಿರಿ?" ಎಂದು ಕೇಳಿದರು.

ಮೈಕ್ರೊಅರೇಯ ಫಲಿತಾಂಶವೂ ಅಷ್ಟೇ ಚೆನ್ನಾಗಿ ಬಂತು. ಆಮೇಲೆ ಬೇರೆ ಗದ್ದೆಯ ಎಲೆಗಳನ್ನು ಬೇಕೆಂದೇ ಅದೇ ಅಂಗಳದಲ್ಲಿ, ಅಷ್ಟೇ ಹೊತ್ತು ಬಿಸಿಲಿಗಿಟ್ಟು ನೋಡಿದೆ. ಕದಿರು ಕಟ್ಟಿ ಒಮ್ಮೆ, ಕಟ್ಟದೆ ಒಮ್ಮೆ. ಎರಡು ಸಲವೂ ಎಲ್ಲ ಹಾಳಾದವು. ಅಮ್ಮನನ್ನು ಕೇಳಿದರೆ, "ನಂಗೆಂತ ಗೊತ್ತ್? ನಾ ಕಟ್ದೆ, ಅಷ್ಟೇ" ಎಂದುಬಿಟ್ಟಳು.

ಪ್ರಬಂಧದಲ್ಲೂ ನಡೆದದ್ದನ್ನೇ ಬರೆದೆ. ಆ ಬಿಸಿಲಿನ ವಾಕ್ಯ ತೆಗೆದುಬಿಡು, ಅದಿದ್ದರೆ ಯಾರೂ ನಂಬುವುದಿಲ್ಲ ಎಂದರು ನನ್ನ ಗೈಡ್. ಪರೀಕ್ಷಕರೊಬ್ಬರು ಅಧ್ಯಾಯವನ್ನೇ ಕಿತ್ತುಹಾಕಲು ಹೇಳಿದರು. ನಾನು ಎರಡೂ ಮಾಡಲಿಲ್ಲ. ಪದವಿ ಒಂದೂವರೆ ವರ್ಷ ತಡವಾಯಿತು, ಆಗಲಿ. ದೇವರ ಮಹಿಮೆ ಎಂದವರ ಜೊತೆಗೂ ಜಗಳವಾಡಿದೆ, ಸುಳ್ಳುಗಾತಿ ಎಂದವರ ಜೊತೆಗೂ ಆಡಿದೆ.

ಈಗ ಆ ಗದ್ದೆಯ ಮೇಲೆ ಆಳೆತ್ತರ ಮಣ್ಣು, ಮಣ್ಣಿನ ಮೇಲೆ ಕಟ್ಟಡ. ಅಲ್ಲೊಂದು ಭತ್ತ ಉಪ್ಪಿಗೆ ಎದುರು ನಿಂತಿತ್ತು ಎನ್ನುವುದಕ್ಕೆ ನನ್ನ ಪ್ರಬಂಧವಲ್ಲದೆ ಬೇರೆ ಸಾಕ್ಷಿ ಉಳಿದಿಲ್ಲ. ಅದರೊಳಗೆ ಆ ಸಾಲು ಹಾಗೇ ಇದೆ: ಮಾದರಿಗಳು ಐದು ಗಂಟೆ ಬಿಸಿಲಿನಲ್ಲಿದ್ದವು, ಕೆಡಲಿಲ್ಲ, ಕಾರಣ ತಿಳಿಯದು. ತಿಳಿದವರು ಬಂದು ತಿದ್ದಲಿ. ಅಲ್ಲಿಯವರೆಗೆ ನಾನಂತೂ ಅದನ್ನು ಅಳಿಸುವುದಿಲ್ಲ.