ಭದ್ರಮ್ಮನ ಚೀಲದಲ್ಲಿ ಫ್ರಾನ್ಸಿನ ಹುಡುಗಿ

ವನಗೂರಿನ ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಇನ್ನೂ ಮಬ್ಬುಗತ್ತಲೆ. ಒಲೆ ಹಚ್ಚುತ್ತಿರುವ ಹೆಂಗಸರ ಬಾಗಿಲಲ್ಲಿ ಭದ್ರಮ್ಮ ಹೆಗಲ ಚೀಲ ಇಳಿಸುತ್ತಾರೆ. ಒಳಗೆ ಇಪ್ಪತ್ತು ಪುಸ್ತಕ. ಹಳ್ಳಿಯ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಈ ಹೆಂಗಸರು ತೋಟದಲ್ಲಿರುತ್ತಾರೆ. ಅದಕ್ಕೇ ಗ್ರಂಥಾಲಯ ನೋಡಿಕೊಳ್ಳುವ ಐವತ್ತೆರಡರ ಭದ್ರಮ್ಮ ಒಂಬತ್ತು ವರ್ಷದಿಂದ ದಿನಾ ನಾಲ್ಕು ಮೈಲಿ ನಡೆದು ಪುಸ್ತಕಗಳನ್ನೇ ಇಲ್ಲಿಗೆ ತರುತ್ತಾರೆ. "ಯಾರೂ ತತ್ತಾ ಅಂದಿಲ್ಲ. ಬೇಡ ಅಂತಾನೂ ಅಂದಿರ್ಲಿಲ್ಲ," ಎನ್ನುತ್ತಾರೆ.

ಹೋದ ವರ್ಷ, ೨೦೦೨ರಲ್ಲಿ, ಬೇಡ ಅಂದರು. ಆಗ ಚೀಲದಲ್ಲಿದ್ದದ್ದು ಫ್ರಾನ್ಸಿನ ಹುಡುಗಿಯೊಬ್ಬಳು ಹದಿನೆಂಟರಲ್ಲೇ ಬರೆದ ಚೊಚ್ಚಲ ಕಾದಂಬರಿಯ ಕನ್ನಡ ಅನುವಾದ. ತಾಯಿಯಿಲ್ಲದ ಮಗಳು ಅಪ್ಪನ ಮರುಮದುವೆ ಕೆಡಿಸುವ ಕಥೆ. ಕಾಫಿ ಕೊಯ್ಯುತ್ತಾ ಹೆಂಗಸರು ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮಶಿವಯ್ಯನವರ ಕಿವಿಗೂ ಬಿತ್ತು. ಹೆಂಡತಿ ತೀರಿಕೊಂಡ ಅವರಿಗೆ ಮಗ್ಗೆ ಊರಿನಲ್ಲಿ ಗೊತ್ತಾಗಿದ್ದ ಎರಡನೇ ಸಂಬಂಧ ಅದೇ ವಾರ ಮುರಿದುಬಿದ್ದಿತ್ತು. ಮನೆಯಲ್ಲಿದ್ದದ್ದು ಹದಿನೇಳರ ಮಗಳು ಚೈತ್ರಶ್ರೀ.

"ನಮ್ ಹುಡ್ಗಿ ಆ ಪುಸ್ತಕ ಓದವ್ಳಾ, ಭದ್ರಮ್ಮ?"

"ಯಾರು ಏನ್ ಓದಿದ್ರು ಅಂತ ನಾನು ಯಾರಿಗೂ ಹೇಳಾಕಿಲ್ಲ, ರೈಟರ್ರೇ."

"ಹಂಗಾದ್ರೆ ನಾಳಿಂದ ಲೈನ್ ಕಡೆ ಬರ್ಬೇಡಿ."

ಮೂರು ತಿಂಗಳು ಭದ್ರಮ್ಮ ಎಸ್ಟೇಟ್ ಗೇಟಿನಾಚೆ ರಸ್ತೆಯ ತಿರುವಿನಲ್ಲಿ ನಿಂತರು. ಹೆಂಗಸರೇ ಅಲ್ಲಿಗೆ ಬಂದು ಪುಸ್ತಕ ಒಯ್ದರು. ಗಂಡಸರು ಮಾತ್ರ ಅವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಭದ್ರಮ್ಮನಿಗೂ ಒಳಗೊಳಗೇ ಅಳುಕು. ಏಳನೇ ಕ್ಲಾಸು ಓದಿದ ಅವರು ಆ ಕಾದಂಬರಿಯನ್ನು ಎರಡು ಸಲ ಓದಿದರು, ತಪ್ಪು ಎಲ್ಲಿದೆ ಎಂದು ಹುಡುಕುತ್ತಾ.

ಕೊನೆಗೆ ಬಾಯಿಬಿಟ್ಟವಳು ಚೈತ್ರಶ್ರೀಯೇ. ಲೈನಿನವರೆಲ್ಲ ಕೇಳುವಂತೆ ಅಪ್ಪನಿಗೆ ಹೇಳಿದಳು: "ಓದಿದೆ ಕಣಪ್ಪಾ. ಆದ್ರೆ ಈ ಮದ್ವೆ ನಿಂಗೆ ಒಪ್ಗೆ ಐತೇನಮ್ಮಾ ಅಂತ ಮಗ್ಗೆಯವ್ರು ನನ್ನ ಕೇಳಿದ್ರು. ಇಲ್ಲ ಅಂದೆ. ನೀನು ಕೇಳ್ಲೇ ಇಲ್ವಲ್ಲ."

ಪರಮಶಿವಯ್ಯ ಅಂದು ಊಟ ಮಾಡಲಿಲ್ಲ. ಮರುವಾರ ಗೇಟು ತೆಗೆಸಿದರು, ಒಂದು ಷರತ್ತಿನ ಮೇಲೆ: ಚೀಲ ತಾವು ನೋಡಿಯೇ ಒಳಗೆ ಬಿಡುವುದು.

ಪುಸ್ತಕ ಓದದೇ ಇದ್ದಿದ್ದರೂ ಹುಡುಗಿ ಮಗ್ಗೆಯವರಿಗೆ ಇಲ್ಲ ಎನ್ನುತ್ತಿದ್ದಳೇ? ಹೀಗೆ ಕೇಳಿದರೆ ಭದ್ರಮ್ಮ ಉಳಿದ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಾರೆ. "ಆ ಅನುಮಾನ ನಂಗೂ ಐತೆ ಕಣ್ರೀ."

ರೈಟರು ಈಗಲೂ ದಿನಾ ಒಂದೊಂದೇ ಪುಸ್ತಕ ತೆಗೆದು, ಹಾಳೆ ತಿರುವಿ ನೋಡುತ್ತಾರಂತೆ. ಮೊದಲು ಎರಡು ನಿಮಿಷ ಸಾಕಾಗುತ್ತಿತ್ತು. ಈಚೆಗೆ ಕಾಲು ಗಂಟೆ ಹಿಡಿಯುತ್ತದೆ.

"ನೋಡ್ಲಿ ಬಿಡಿ," ಎಂದು ಭದ್ರಮ್ಮ ಚೀಲ ಹೆಗಲಿಗೇರಿಸುತ್ತಾರೆ. "ನಿನ್ನೆ ಒಂದು ಪುಸ್ತಕ ವಾಪಸ್ ಕೊಡ್ಲೇ ಇಲ್ಲ. ನಾನೂ ಕೇಳ್ಲಿಲ್ಲ."