ಬೂದಿಯ ಮೇಲೆ ಬೆಳವದ ಹೆಜ್ಜೆ

ಬೆಳಿಗ್ಗೆ ಏಳೂವರೆಗೆ ತುಳಜಾಬಾಯಿ ಹಿಟ್ಟಿನ ಜರಡಿಯಲ್ಲಿ ಒಲೆಯ ಬೂದಿ ತುಂಬಿಕೊಂಡು, ಜೋಳ ಬಿತ್ತಿದ ಸಾಲುಗಳ ಮೇಲೆ ತೆಳ್ಳಗೆ ಉದುರಿಸುತ್ತಿದ್ದರು. ಕಲಬುರಗಿಯಿಂದ ಬೈಕಿನಲ್ಲಿ ಬಂದ ಹೊಲದ ಮಾಲೀಕ ಅಜಿತ, ಕೈಯಲ್ಲಿ ಚೀಲ ಹಿಡಿದು ಬದುವಿನ ಮೇಲೆ ನಿಂತರು. ಚೀಲದಲ್ಲಿ ವಿಷ ಬೆರೆಸಿದ ಜೋಳವಿತ್ತು.

"ನಾಳೆ ಮುಂಜಾನೆ ಇದನ್ನ ಚೆಲ್ತೀನಿ ಬಾಯಿ. ನಿಮ್ಮ ಬೆಳವ ಒಂದೂ ಉಳಿಯಂಗಿಲ್ಲ."

"ನನ್ನವು ಹ್ಯಾಂಗಾಗ್ತಾವ್ರಿ ಸಾವ್ಕಾರ್ರೆ? ನಾ ಏನ್ ಹಡದೀನೇನು?"

"ಹಡದಿಲ್ಲ. ಬಾಣಂತನ ಮಾಡಾಕತ್ತೀರಲ್ಲ!"

ಕಮಲಾಪುರದ ಹೊರಗಿನ ಈ ಹೊಲ ಕಾಯುವುದು ಐವತ್ತಾರು ವರ್ಷದ ತುಳಜಾಬಾಯಿಯ ಕೆಲಸ. ಬದುವಿನ ಶೆಡ್ಡಿನಲ್ಲೇ ವಾಸ. ಬಿತ್ತಿ ಮೂರು ದಿನವಾಗಿದೆ. ಐದು ಸಾಲುಗಳಲ್ಲಿ ಮಣ್ಣು ಕೆದರಿದೆ, ಕಾಳಿಲ್ಲ. ಅಜಿತರ ಅನುಮಾನ ಶೆಡ್ಡಿನ ಪಕ್ಕದ ಜಾಲಿಮರದಲ್ಲಿರುವ, ಪಾರಿವಾಳದ ಜಾತಿಯ ಬೆಳವಗಳ ಮೇಲೆ. ತುಳಜಾಬಾಯಿಯ ಅನುಮಾನ ಪಕ್ಕದ ಹೊಲದ ಪೀರಪ್ಪನ ಮೇಲೆ. ಎರಡು ದಿನದಿಂದ ಆತ ಮಾತಾಡಿಸಿದಾಗಲೆಲ್ಲ ಇವರು ಆತನ ಪಾದಕ್ಕೆ ಈ ಹೊಲದ ಮಣ್ಣು ಮೆತ್ತಿದೆಯೇ ಎಂದು ನೋಡುತ್ತಿದ್ದರು.

ಜಾಲಿಯಲ್ಲಿರುವುದು ಹದಿನೈದಿಪ್ಪತ್ತು ಕಡ್ಡಿಗಳ ಗೂಡು. ಕೆಳಗೆ ನಿಂತರೆ ಸಂದಿಯಲ್ಲಿ ಮರಿ ಕಾಣುವಷ್ಟು ತೆಳು. ಹಗಲು ಗಂಡು ಕೂರುತ್ತದೆ, ಸಂಜೆಯಿಂದ ಹೆಣ್ಣು. ನೋಡಲು ಎರಡೂ ಒಂದೇ ಥರ. ಎರಡು ಮರಿಗಳು ಮೊಟ್ಟೆಯೊಡೆದು ನಾಲ್ಕು ದಿನವಾಗಿದೆ. ತಂದೆತಾಯಿಯ ಗಂಟಲ ಚೀಲದಲ್ಲಿ ಕಟ್ಟುವ ಹಾಲಿನಂಥ ಮುದ್ದೆಯೇ ಅವುಗಳ ಆಹಾರ. ದೊಡ್ಡವು ವಿಷ ತಿಂದರೆ ಮರಿಗಳೂ ಉಳಿಯುವುದಿಲ್ಲ.

"ಬೆಳವ ಮ್ಯಾಲೆ ಬಿದ್ದದ್ದು ಹೆಕ್ಕತಾವ್ರಿ, ಕೆದರಂಗಿಲ್ಲ. ಆ ಕಾಲಾಗ ಅಷ್ಟು ತಾಕತ್ತಿಲ್ಲ."

"ಇದನ್ನ ಎಚ್ಚರದಾಗ ನೋಡೀರೋ, ನಿದ್ದಿಗಣ್ಣಾಗೋ?"

"ಸಂಜಿತನಕ ತಡೀರಿ. ಬೂದಿನೇ ಹೇಳ್ತದ."

ತುಳಜಾಬಾಯಿಯ ಮನೆತನದಲ್ಲಿ ಯಾರಾದರೂ ತೀರಿಕೊಂಡರೆ ನೆಲಕ್ಕೆ ಬೂದಿ ಹರವಿ, ಸತ್ತವರು ಮುಂದೆ ಏನಾಗಿ ಹುಟ್ಟುತ್ತಾರೆಂದು ತಿಳಿಯಲು ಅದರಲ್ಲಿ ಮೂಡಿದ ಹೆಜ್ಜೆ ನೋಡುವ ರೂಢಿಯಿದೆ. ಅದನ್ನೇ ಅವರು ಹೊಲಕ್ಕೆ ತಂದಿದ್ದರು. ಅಜಿತ ಒಲ್ಲದ ಮನಸ್ಸಿನಿಂದ ಒಪ್ಪಿ ಕಮಲಾಪುರದ ಕಚೇರಿ ಕೆಲಸಕ್ಕೆ ಹೋದರು. ಮಧ್ಯಾಹ್ನ ತುಳಜಾಬಾಯಿ ಎಂದಿನಂತೆ ನೀರು ತರಲು ಹೋದರು.

ನಾಲ್ಕಕ್ಕೆ ಇಬ್ಬರೂ ಸಾಲಿನ ಮೇಲೆ ಬಗ್ಗಿದರು. ಅಂಚಿನಲ್ಲಿ ಬೆಳವದ ಸಣ್ಣ ಹೆಜ್ಜೆಗಳು ಒಂದರ ಮುಂದೊಂದು ಸಾಗಿದ್ದವು. ಅಲ್ಲಿ ಮಣ್ಣು ಕದಲಿರಲಿಲ್ಲ. ಮನುಷ್ಯರ ಪಾದದ ಗುರುತಿಲ್ಲ. ನಡುವಿನ ಸಾಲುಗಳಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆಗಳು, ಹಿಂದಕ್ಕೆ ಚಿಮ್ಮಿದ ಬೂದಿ, ಗುಂಡಿಗಳು.

"ಕೌಜುಗ ಹಕ್ಕಿ ಇರಬೇಕು," ಎಂದರು ಅಜಿತ.

ತುಳಜಾಬಾಯಿ ಕಣ್ಣಲ್ಲೇ ಜಾಡು ಹಿಡಿದು ನೋಡಿದರು. ಹೆಜ್ಜೆಗಳು ಅವರ ಶೆಡ್ಡಿನ ಹಿಂದಕ್ಕೆ ಹೋಗಿದ್ದವು. ನೀರಿಗೆ ಹೋಗುವಾಗ ಅವರು ದಿನವೂ ತಮ್ಮ ಕೋಳಿಗಳನ್ನು ಬುಟ್ಟಿಯಿಂದ ಬಿಡುತ್ತಿದ್ದರು. ತಿಪ್ಪೆಯಲ್ಲೇ ಮೇಯುತ್ತವೆಂದು ನಂಬಿದ್ದರು. ಅಜಿತ ಇನ್ನೂ ಆ ಕಡೆ ನೋಡಿರಲಿಲ್ಲ. ತುಳಜಾಬಾಯಿ ಆ ಹೆಜ್ಜೆಗಳನ್ನು ಕಾಲಿನಿಂದ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ವಿಷದ ಚೀಲ ಅಜಿತರ ಕೈಯಲ್ಲೇ ಇತ್ತು; ಕೌಜುಗಕ್ಕೆಂದು ಚೆಲ್ಲಿದರೂ ಬೆಳವಗಳು ತಿನ್ನುತ್ತಿದ್ದವು.

"ಇವು ನಮ್ಮವ್ರಿ ಸಾವ್ಕಾರ್ರೆ."

"ಯಾವು?"

"ಕೋಳಿ."

ಅಜಿತ ನಿಧಾನಕ್ಕೆ ನೆಟ್ಟಗಾದರು. "ಬೇಲಿನೇ ಎದ್ದು ಹೊಲ ಮೇಯ್ದಂಗಾತಲ್ರಿ ಬಾಯಿ! ಎಷ್ಟದಾವ?"

"ನಾಲ್ಕು."

ಅಜಿತ ನಂಬದೆ ಶೆಡ್ಡಿನ ಹಿಂದೆ ಹೋಗಿ ತಾವೇ ಎಣಿಸಿದರು. ನಾಲ್ಕೇ ಇದ್ದವು. ವಿಷದ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಕಲಬುರಗಿಗೆ ಹೊರಟರು.

ಮರುದಿನ ಮುಂಜಾನೆಯ ಬಸ್ಸಿನಲ್ಲಿ ಕೋಳಿಗಳು ಬುಟ್ಟಿಯಲ್ಲಿ ಕುಳಿತು ಶರಣಸಿರಸಗಿಯಲ್ಲಿರುವ ತುಳಜಾಬಾಯಿಯ ಮಗಳು ಸುಜಾತಾಳ ಮನೆಗೆ ಹೋದವು. ಪೈರು ಗೇಣುದ್ದ ಬೆಳೆಯುವ ತನಕ ಅವು ಅಲ್ಲೇ ಇರುತ್ತವೆ.