ಮೂವತ್ತೆಂಟನೇ ನಿಮಿಷದ ದನಿ

ಸಿನಿಮಾಗಳಿಗೆ ಸೌಂಡ್ ಮಾಡುವುದು ನನ್ನ ಕೆಲಸ. ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆ ಮನೆಯ ಒಂದು ಕೋಣೆಯ ಗೋಡೆಗೆ ಹಳೇ ಕಂಬಳಿ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದೇನೆ. ಅಲ್ಲಿ ಕೂತು ನಾನು ಮುಗಿಸಿದ ಮೊದಲ ಪೂರ್ಣ ಸಿನಿಮಾ, ಮುಚ್ಚಿದ ಕಾರ್ಖಾನೆಯೊಂದರ ಕಾರ್ಮಿಕರ ಕಥೆ. ಅದಕ್ಕೆ ಪಾಳಿ ಬದಲಾಗುವಾಗ ಕೂಗುವ ಸೈರನ್ ಬೇಕಿತ್ತು. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ದುಡಿದು, ಕಾಗದನಗರದ ಅದರ ಕ್ವಾರ್ಟರ್ಸಿನಲ್ಲೇ ಆಯುಷ್ಯ ಕಳೆದ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಇಷ್ಟು ಚೂಪಲ್ಲ, ಇನ್ನೂ ದಪ್ಪ ಎಂದು ಅವರು ತಿದ್ದುತ್ತ ಹೋದರು. ಹನ್ನೊಂದು ದಿನ ಹಿಡಿಯಿತು. ಕೊನೆಗೊಮ್ಮೆ ಅಪ್ಪ ಕಣ್ಣು ಮುಚ್ಚಿ ಕೇಳಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಬಿಡುಗಡೆಯ ದಿನ ಶಿವಮೊಗ್ಗದಲ್ಲಿ ಮ್ಯಾಟಿನಿಗೆ ನೆಂಟರನ್ನೆಲ್ಲ ಕರೆದಿದ್ದೆ. ಸೋದರಮಾವನ ಮಗನೂ ಬಂದಿದ್ದ. ಭದ್ರಾವತಿಯ ನ್ಯೂ ಟೌನಿನಲ್ಲಿ ಅವನದು ಮೊಬೈಲ್ ಅಂಗಡಿ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಸಿನಿಮಾ ಬಿಟ್ಟ ಮೇಲೆ ಕೈಕುಲುಕಿ, ಚೆನ್ನಾಗಿದೆ ಅಂದ. ಅಪ್ಪ ಮಾತ್ರ ಮಂಡಿ ಆಪರೇಷನ್ ಆಗಿದ್ದರಿಂದ ಬರಲಾಗಿರಲಿಲ್ಲ. ಮುಂದಿನ ವಾರ ಹೇಗಾದರೂ ಕರೆದೊಯ್ಯುತ್ತೇನೆ ಎಂದಿದ್ದೆ.

ಮರುದಿನ ಬೆಳಿಗ್ಗೆ ಕಾಗದನಗರಕ್ಕೆ ಹೋದರೆ ಅಪ್ಪ ಫೋನಿನಲ್ಲಿ ಅದೇ ಸಿನಿಮಾ ನೋಡುತ್ತಿದ್ದರು. ಪಕ್ಕದ ಮನೆಯವರು ಟೆಲಿಗ್ರಾಂ ಲಿಂಕ್ ಕಳಿಸಿದ್ದರಂತೆ. ಪರದೆ ಓರೆಯಾಗಿತ್ತು, ಯಾರದೋ ತಲೆ ಅಡ್ಡ ಬಂದು ಹೋಗುತ್ತಿತ್ತು. ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು.

"ಸೈರನ್ ಎಲ್ಲೂ ಬರ್ಲೇ ಇಲ್ವಲ್ಲಮ್ಮ. ತೆಗೆದ್ಬಿಟ್ರಾ?"

ತೆಗೆದಿರಲಿಲ್ಲ. ಆ ಕಳ್ಳ ಪ್ರತಿಯಲ್ಲಿ ಅದು ಬರೀ ಗಾಳಿ ಮೊರೆದ ಹಾಗೆ ಕೇಳಿ ಮುಗಿದಿತ್ತು.

ಮನೆಗೆ ಬಂದವಳೇ ಆ ಫೈಲ್ ಇಳಿಸಿಕೊಂಡು ಹೆಡ್‌ಫೋನ್ ಹಾಕಿದೆ. ಮೂವತ್ತೆಂಟನೇ ನಿಮಿಷದಲ್ಲಿ ಕ್ಯಾಮೆರಾದ ಹತ್ತಿರವೇ ಒಂದು ಪಿಸುಮಾತಿತ್ತು. ಮೂಲ ಸೌಂಡ್ ನನ್ನ ಬಳಿಯೇ ಇತ್ತಲ್ಲ, ಅದನ್ನಿಟ್ಟುಕೊಂಡು ಸಿನಿಮಾದ ಸದ್ದನ್ನೆಲ್ಲ ಸೋಸಿ ತೆಗೆದೆ. ಮಾತು ಸ್ಪಷ್ಟವಾಯಿತು.

"ಸ್ವಲ್ಪ ಬಗ್ಗು ಮಾರಾಯ, ಅಡ್ಡ ಬರ್ತೀಯ."

ಸೋದರಮಾವನ ಮಗನ ದನಿ. ನಾನೇ ಕರೆದು ಕೂರಿಸಿದ ಸೀಟಿನಿಂದ.

ಫೋನ್ ಮಾಡಿ ಬೈಯಬಹುದಿತ್ತು. ಬೈಗುಳ ಅವನಿಗೆ ಸಾಲದು ಅನ್ನಿಸಿತು. ನಿರ್ಮಾಪಕರು, ಆಗಿದ್ದು ಆಯ್ತು, ಬಿಟ್ಟುಬಿಡಿ ಅಂದರು. ಎದುರಿಗೇ ಕೂತು ಅವರಿಂದ ದೂರಿಗೆ ಸಹಿ ಹಾಕಿಸಿಕೊಂಡು ಪೊಲೀಸರಿಗೆ ಕೊಟ್ಟೆ. ಅವರು ಅಂಗಡಿಗೆ ಹೋಗಿ ಫೋನ್ ವಶಪಡಿಸಿಕೊಂಡಾಗ ಇಡೀ ಸಿನಿಮಾ ಅದರಲ್ಲೇ ಇತ್ತು.

ಎರಡು ದಿನ ಬಿಟ್ಟು ಮಾವ ಮಗನನ್ನು ಕರೆದುಕೊಂಡು ಅಪ್ಪನ ಮನೆಗೆ ಬಂದರು. ಅಮ್ಮ ತೀರಿಕೊಂಡಾಗ ನಮ್ಮನ್ನು ನೋಡಿಕೊಂಡ ಮಾವ. ಅಪ್ಪನ ಎದುರೇ ನನಗೆ ಕೈ ಮುಗಿದರು.

"ನಿಮ್ಮಮ್ಮ ಇದ್ದಿದ್ರೆ ಕಂಪ್ಲೇಂಟ್ ವಾಪಸ್ ತಗೊಳ್ಳೋಳು, ಮಗಳೇ."

ಒಂದು ಗಳಿಗೆ ನಾನು ಸಡಿಲಾದದ್ದು ನಿಜ. ಅಷ್ಟರಲ್ಲಿ ಅವನು ಬಾಯಿ ಬಿಟ್ಟ.

"ಎಲ್ರೂ ಮಾಡೋದೇ ಅಲ್ವ ಮಾರಾಯ್ತಿ. ಇದ್ರಿಂದ ಜಾಸ್ತಿ ಜನಾನೇ ನೋಡಿದ್ರು."

"ನೋಡಿದ್ರು. ಯಾರಿಗೂ ಏನೂ ಕೇಳಿಸ್ಲಿಲ್ಲ," ಅಂದೆ.

ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾವನಿಗೆ ಹೇಳಿದೆ. ಅವರು ಕಾಫಿ ಮುಟ್ಟದೆ ಎದ್ದರು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ನಾನು ಅಡುಗೆಮನೆಗೆ ಹೋಗಿ ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ.

ಕೇಸು ಇನ್ನೂ ನಡೆಯುತ್ತಿದೆ. ಮಾವನ ಮನೆಯ ಮದುವೆಗೆ ನಮಗೆ ಕರೆಯೋಲೆ ಬರಲಿಲ್ಲ. ಇನ್ನು ಸಾಕು ಬಿಡು ಎಂದು ಅಪ್ಪ ಆಗಾಗ ಹೇಳುತ್ತಾರೆ. ನಾನು ಮಾತ್ರ ಭದ್ರಾವತಿಗೆ ಹೋದಾಗೆಲ್ಲ ನ್ಯೂ ಟೌನಿನಲ್ಲಿ ಇಳಿದು, ಅವನ ಅಂಗಡಿಯ ಮುಂದೆ ನಿಧಾನವಾಗಿ ನಡೆದು ಹೋಗುತ್ತೇನೆ. ಅವನು ತಲೆ ತಗ್ಗಿಸಿ ಕೌಂಟರಿನಲ್ಲಿ ಏನೋ ಹುಡುಕುತ್ತಾನೆ. ಅಲ್ಲಿ ನನಗೆ ಯಾವ ಕೆಲಸವೂ ಇರುವುದಿಲ್ಲ.